ಹೆಣ್ಣುಮಕ್ಕಳು ಸಾಮು ಕಲಿಯುವುದು ಏತಕ್ಕೆ?

ಕೊಡವರ ಮನೆಯಲ್ಲಿ ಗಂಡುಮಗು ಹುಟ್ಟಿದೊಡನೆ ಅಂಗಳದಲ್ಲಿ ಗುಂಡು ಹಾರಿಸಿ, ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲೊಂದನ್ನು ಶಿಶುವಿನ ಕೈಗೆ ಮುಟ್ಟಿಸುವ ವಾಡಿಕೆಯಿತ್ತೆಂಬುದನ್ನು ಹಿರಿಯರ ಬಾಯಿಂದ ನಾವೆಲ್ಲರೂ ಕೇಳಿದ್ದೇವೆ. ಹೆಣ್ಣುಮಗುವಿಗೆ ಈ ಮರ್ಯಾದೆಯು ಇರಲಿಲ್ಲ. ಆದುದರಿಂದ ಆಯುಧವಿದ್ಯೆಯನ್ನು ಏಕೆ ಕಲಿತೆಯೆಂದು ಗಂಡನ್ನು ಯಾರೂ ಕೇಳಲಿಲ್ಲ. ಅವನ ಕಾರಣವು ಹುಟ್ಟಿನೊಡನೆಯೇ ಅವನ ಕೈಯಲ್ಲಿತ್ತು. ಹೆಣ್ಣಾದರೋ ತನ್ನ ಕಾರಣವನ್ನು ತಾನೇ ಹುಡುಕಿಕೊಳ್ಳಬೇಕಾಯಿತು. ಈ ಹುಡುಕಾಟವನ್ನು ಕುರಿತು, ಮುಖ್ಯವಾಗಿ ಹೆಣ್ಣುಮಕ್ಕಳ ತಂದೆತಾಯಂದಿರಿಗಾಗಿ, ಇಲ್ಲಿ ಕೆಲವು ಮಾತುಗಳನ್ನು ಬರೆಯುತ್ತೇನೆ.

ಕರಿಕೆಯ ಜನರಿಗೆ ಈ ವಿಷಯವು ಹೊಸದಲ್ಲ. ಮೇಲಕ್ಕೆ ಹತ್ತಿದರೆ ಭಾಗಮಂಡಲ, ಕೆಳಕ್ಕೆ ಇಳಿದರೆ ಪಾಣತ್ತೂರು, ಅಲ್ಲಿಂದ ಮುಂದೆ ಕಾಞಂಗಾಡು. ಹೀಗಿರುವ ಊರಿನಲ್ಲಿ ಕನ್ನಡ, ಅರೆಭಾಷೆ, ಕೊಡವ ತಕ್ಕ್, ಮಲೆಯಾಳಗಳೆಲ್ಲವೂ ಕಿವಿಗೆ ಬೀಳುವಂತೆಯೇ ಎರಡು ಸೀಮೆಗಳ ವೀರಸಂಪ್ರದಾಯಗಳೂ ಹತ್ತಿರದಲ್ಲಿಯೇ ಇರುತ್ತವೆ. ಒಂದು ಕಡೆ, ನಾಟಿಯ ಕೆಲಸವು ತೀರಿದ ಮೇಲೆ ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಕೋವಿ ಒಡಿಕತ್ತಿಗಳಿಗೆ ಹೂವಿಟ್ಟು ಆಚರಿಸುವ ಕೈಲ್ ಮುಹೂರ್ತ, ಪುತ್ತರಿಯ ಕಾಲದ ಪರಿಯಕಳಿ. ಪರಿಯಕಳಿಯಲ್ಲಿ ಬೆತ್ತ ಗುರಾಣಿಗಳನ್ನು ಹಿಡಿದ ಇಬ್ಬರು ಎದುರೆದುರು ನಿಲ್ಲುವರು. ಏಟು ಮೊಣಕಾಲಿನಿಂದ ಕೆಳಗೆ ಮಾತ್ರವೇ ಬೀಳತಕ್ಕದ್ದು. ಸಿಟ್ಟಿನ ಭರದಲ್ಲಿಯೂ ಕೈಯನ್ನು ಈ ಮೇರೆಯೊಳಗೆ ಹಿಡಿಯಬಲ್ಲವನೇ ಆಟಗಾರನು.

ಇನ್ನೊಂದು ಕಡೆ ಉತ್ತರ ಮಲಬಾರಿನ ಕಳರಿಪಯಟ್ಟು. ಇದರ ಕಳರಿಯೆಂದರೆ ನೆಲಮಟ್ಟಕ್ಕಿಂತ ತಗ್ಗಾಗಿ ಅಗೆದ, ವಾಡಿಕೆಯಂತೆ 42 ಅಡಿ ಉದ್ದ 21 ಅಡಿ ಅಗಲವುಳ್ಳ ಮಣ್ಣಿನ ಅಂಕಣ. ಮೊದಲು ಮೆಯ್ತಾರಿ, ಅಂದರೆ ಬರಿಯ ದೇಹದ ಸಾಧನೆ, ಅನಂತರ ಕೋಲು, ಆಮೇಲೆ ಕತ್ತಿ, ಗುರಾಣಿ, ಉರುಮಿ ಮೊದಲಾದ ಲೋಹದ ಆಯುಧಗಳು, ಎಲ್ಲಕ್ಕೂ ಕಡೆಯಲ್ಲಿ ಬರಿಗೈ. ಎಣ್ಣೆ ತೀಡುವುದೂ ಮುರಿದ ಮೂಳೆಯನ್ನು ಕೂಡಿಸುವುದೂ ಇದೇ ವಿದ್ಯೆಗೆ ಸೇರಿದವು. ಇದೊಂದು ಅನ್ಯಮತದ ಆಚರಣೆಯಲ್ಲವೇ ಎಂದು ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಕೆಲವರು ಶಂಕಿಸುವುದುಂಟು. ಹಿಂದೆ ಮಾಪಿಳ್ಳೆಯರೂ ಸುರಿಯಾನಿ ಕ್ರೈಸ್ತರೂ ಕಳರಿಗಳನ್ನು ನಡೆಸಿದ್ದರೆಂಬುದನ್ನು ಅಂಥವರು ತಿಳಿಯುವುದು ಒಳ್ಳೆಯದು.

ಈ ಸೀಮೆಯ ವಡಕ್ಕನ್ ಪಾಟ್ಟುಗಳಲ್ಲಿ ಉಣ್ಣಿಯಾರ್ಚೆಯೆಂಬ ವೀರಸ್ತ್ರೀಯ ಕಥೆಯು ಬರುತ್ತದೆ. ನಾದಾಪುರದ ಪೇಟೆಯಲ್ಲಿ ತನ್ನನ್ನು ತಡೆದ ಪುಂಡರ ಗುಂಪನ್ನು ಆಕೆಯು ಉರುಮಿಯನ್ನು ಬಿಚ್ಚಿ ಎದುರಿಸಿದಳೆಂಬುದು ಎಲ್ಲರಿಗೂ ತಿಳಿದ ಭಾಗ. ಆದರೆ ಆಕೆಯು ಮನೆಯಿಂದ ಹೊರಟದ್ದು ಏತಕ್ಕೆ? ಯುದ್ಧಕ್ಕಲ್ಲ, ಸೇಡಿಗಲ್ಲ, ಅಲ್ಲಿಮಲರ್ ಕಾವಿನ ಕೂತ್ತನ್ನು ನೋಡುವುದಕ್ಕೆ. ಅತ್ತೆಮಾವಂದಿರು ಬೇಡವೆಂದರು, ಜೊತೆಗೆ ಬಂದ ಗಂಡನು ದಾರಿಯಲ್ಲಿ ನಡುಗಿದನು. ಆಟವನ್ನು ನೋಡಬೇಕೆಂಬ ಆಸೆಯುಳ್ಳ ಹೆಂಗಸು ನೋಡಿ ಬರುವಷ್ಟು ಸ್ವಾತಂತ್ರ್ಯವನ್ನು ಆ ವಿದ್ಯೆಯು ಆಕೆಗೆ ಕೊಟ್ಟಿತ್ತು. ಇದಕ್ಕಿಂತ ಸಹಜವಾದ ಕಾರಣವನ್ನು ನಾನು ಬೇರೆ ಕಾಣೆನು.

ಕಥೆಯನ್ನು ಬಿಟ್ಟು ಕಣ್ಣೆದುರಿನ ಚರಿತ್ರೆಗೆ ಬರೋಣ. ವಡಕರದ ಮೀನಾಕ್ಷಿ ಅಮ್ಮನವರು ಏಳನೆಯ ವಯಸ್ಸಿನಲ್ಲಿ ಕಳರಿಗೆ ಇಳಿದದ್ದು ನೃತ್ಯಾಭ್ಯಾಸಕ್ಕೆ ಮೈ ಬಳುಕಲೆಂದು. ಹುಡುಗಿಯರು ದೊಡ್ಡವರಾಗುತ್ತಲೇ ಕಳರಿಯನ್ನು ಬಿಡುತ್ತಿದ್ದ ಕಾಲವದು. ಅವರು ಬಿಡಲಿಲ್ಲ, ಕಲಿಸಿದ ರಾಘವನ್ ಗುರುಕ್ಕಳರನ್ನೇ ವರಿಸಿ, ಪತಿಯು ಗತಿಸಿದ ಮೇಲೆ ಕಳರಿಯನ್ನು ತಾವೇ ಮುನ್ನಡೆಸಿ, 2017ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದರು. ನೃತ್ಯಕ್ಕೆಂದು ಬಂದ ಬಾಲಕಿಯನ್ನು ವೃದ್ಧಾಪ್ಯದವರೆಗೆ ಹಿಡಿದು ನಿಲ್ಲಿಸಿದ್ದು ನೃತ್ಯವಲ್ಲವೆಂಬುದು ಸ್ಪಷ್ಟ. ಒಳಗೆ ಕರೆತರುವ ಕಾರಣ ಒಂದು, ಉಳಿಸುವ ಕಾರಣ ಇನ್ನೊಂದು. ಹೆಚ್ಚಿನವರ ವಿಷಯದಲ್ಲಿ ಇದು ಹೀಗೆಯೇ.

ಈಗ ನಮ್ಮ ಮನೆಗಳಲ್ಲಿ ಎಲ್ಲಕ್ಕಿಂತ ಮುಂದೆ ಬರುವ ಕಾರಣವನ್ನು ನೋಡಬೇಕು. ಅದು ಭಯ. ಮಗಳು ಒಬ್ಬಳೇ ಕಾಡುದಾರಿಯಲ್ಲಿ ನಡೆಯಬೇಕು, ಬಸ್ಸನ್ನು ಹತ್ತಬೇಕು, ನಾಳೆ ಮಂಗಳೂರಿನಲ್ಲೋ ಮೈಸೂರಿನಲ್ಲೋ ವಸತಿಗೃಹದಲ್ಲಿರಬೇಕು. ಆದುದರಿಂದ ಎರಡು ತಿಂಗಳು ಕರಾಟೆಯನ್ನು ಕಲಿಯಲಿ ಎಂದು ತಂದೆಯು ಹೇಳುತ್ತಾನೆ. ಪ್ರೀತಿಯಿಂದ ಹುಟ್ಟಿದ ಮಾತೇ ಸರಿ. ಆದರೆ ಈ ಭಯವು ಕಣ್ಣಿಟ್ಟಿರುವ ದಿಕ್ಕು ಸರಿಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯು ವರ್ಷವರ್ಷವೂ ಪ್ರಕಟಿಸುವ ಲೆಕ್ಕದಲ್ಲಿ, ಅತ್ಯಾಚಾರದ ಪ್ರಕರಣಗಳ ಪೈಕಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿಯು ಆ ಹೆಣ್ಣಿಗೆ ಪರಿಚಿತನೇ ಆಗಿರುತ್ತಾನೆ. ಬಂಧು, ನೆರೆಯವನು, ಸ್ನೇಹಿತನು! ಕತ್ತಲೆಯ ದಾರಿಯ ಅಪರಿಚಿತನಿಗಾಗಿ ಕಲಿಸಿದ ಒದೆತವು ನಗುಮುಖದಿಂದ ಒಳಗೆ ಬಂದವನ ಮುಂದೆ ಮೇಲೇಳುವುದೇ ಇಲ್ಲ. ಅಲ್ಲಿ ಹುಡುಗಿಯ ಕಾಲನ್ನು ಕಟ್ಟಿಹಾಕುವುದು ಬಲಹೀನತೆಗಿಂತ ಹೆಚ್ಚಾಗಿ ದಾಕ್ಷಿಣ್ಯ.

ಇದನ್ನು ಪರೀಕ್ಷಿಸಿ ನೋಡಿದವರುಂಟು. ಕೆನಡಾ ದೇಶದ ಮೂರು ವಿಶ್ವವಿದ್ಯಾನಿಲಯಗಳಲ್ಲಿ ಮೊದಲ ವರ್ಷದ 893 ಮಂದಿ ವಿದ್ಯಾರ್ಥಿನಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೂರು ಮೂರು ಘಂಟೆಗಳ ನಾಲ್ಕು ಪಾಠಗಳನ್ನೂ ಇನ್ನೊಂದಕ್ಕೆ ಕರಪತ್ರಗಳನ್ನೂ ಕೊಟ್ಟರು. 2015ರಲ್ಲಿ ಪ್ರಕಟವಾದ ಫಲವೇನೆಂದರೆ, ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಈಡಾದವರು ಕರಪತ್ರದ ಗುಂಪಿನಲ್ಲಿ ನೂರಕ್ಕೆ 9.8, ಪಾಠದ ಗುಂಪಿನಲ್ಲಿ ನೂರಕ್ಕೆ 5.2. ಆ ನಾಲ್ಕು ಪಾಠಗಳಲ್ಲಿ ಕೈಕಾಲಿನ ಹೊಡೆತಕ್ಕೆ ಸಂಬಂಧಿಸಿದ್ದು ಒಂದೇ ಪಾಠದ ಭಾಗ. ಉಳಿದುದೆಲ್ಲ ಪರಿಚಿತನಲ್ಲಿಯೂ ಅಪಾಯದ ಸುಳಿವನ್ನು ಗುರುತಿಸುವುದು, ‘ಛೇ, ಹಾಗೆ ತಿಳಿಯಬಾರದು’ ಎಂದು ತನ್ನನ್ನು ತಾನೇ ಸಂತೈಸಿಕೊಳ್ಳುವ ಅಭ್ಯಾಸವನ್ನು ಗೆಲ್ಲುವುದು, ತನಗೆ ಬೇಕಾದುದೇನು ಬೇಡವಾದುದೇನು ಎಂಬುದನ್ನು ಮೊದಲೇ ತಿಳಿದಿರುವುದು. ನಮ್ಮ ಗರಡಿಯ ಉಸ್ತಾದರು ಹುಡುಗಿಯರಿಗೆ ಮೊಟ್ಟಮೊದಲು ಗಂಟಲು ಬಿಚ್ಚಿ ಕೂಗುವುದನ್ನು ಕಲಿಸಿದರೆ ನಗತಕ್ಕದ್ದಿಲ್ಲ. ಹದಿನೈದು ವರ್ಷ ‘ಮೆಲ್ಲಗೆ ಮಾತಾಡು’ ಎಂದು ಕೇಳಿದ ಮಗುವಿಗೆ ಅದು ಎಲ್ಲಕ್ಕಿಂತ ಕಷ್ಟವಾದ ಪಟ್ಟು.

ಚಿತ್ರದುರ್ಗದ ಓಬವ್ವೆಯ ಹೆಸರನ್ನು ಇಂಥ ಸಂದರ್ಭದಲ್ಲಿ ಎಲ್ಲರೂ ಎತ್ತುತ್ತಾರೆ. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ ಒನಕೆಯನ್ನು ಹಿಡಿದು ಕಿಂಡಿಯಲ್ಲಿ ನಿಂತ ಆಕೆಗೆ ಯಾವ ಗುರುವಿದ್ದನೆಂದು ಕೇಳಿ, ಸಾಮು ಗೀಮು ಬೇಕಿಲ್ಲವೆಂದು ಸಾಧಿಸುವವರನ್ನು ಕಂಡಿದ್ದೇನೆ. ಅವರಿಗೆ ಭತ್ತ ಕುಟ್ಟಿ ಗೊತ್ತಿಲ್ಲವೆಂದು ಕಾಣುತ್ತದೆ! ದಿನವೂ ಒನಕೆಯೆತ್ತಿದ ತೋಳು ಅಭ್ಯಾಸವಿಲ್ಲದ ತೋಳಲ್ಲ. ಈಗಿನ ಹೆಣ್ಣುಮಕ್ಕಳು ಒನಕೆಯನ್ನು ಮುಟ್ಟುವುದಿಲ್ಲ. ಬೇರೆ ಅಭ್ಯಾಸವು ಅವರಿಗೆ ಬೇಕಲ್ಲವೇ?

ಮಿಶನ್ ಶಾಲೆಯಲ್ಲಿ ಓದಿದವರಿಗೆ ಇನ್ನೊಂದು ಸಂದೇಹವು ಸಹಜ. ಒಂದು ಕೆನ್ನೆಗೆ ಹೊಡೆದವನಿಗೆ ಮತ್ತೊಂದನ್ನು ತೋರಿಸಬೇಕೆಂದು ಕಲಿತವರು ಹೊಡೆತವನ್ನು ಕಲಿಯಬಹುದೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಬಿಡಲು ನನ್ನಿಂದಾಗದು. ಆದರೆ ಕರ್ತನು ಆ ಮಾತನ್ನು ಹೇಳಿದ್ದು ಸೇಡನ್ನು ತಡೆಯುವುದಕ್ಕೆ. ಮಹಾಯಾಜಕನ ಮುಂದೆ ಓಲೇಕಾರನೊಬ್ಬನು ಆತನನ್ನು ಹೊಡೆದಾಗ ಆತನು ಸುಮ್ಮನಿರದೆ, ಹೊಡೆದದ್ದೇಕೆಂದು ಅವನನ್ನೇ ಪ್ರಶ್ನಿಸಿದನೆಂದು ಯೋಹಾನನು ಬರೆದಿರುತ್ತಾನೆ. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆಯುವಾಗ ಓಟಗಾರನನ್ನೂ ಮುಷ್ಟಿಯುದ್ಧ ಮಾಡುವವನನ್ನೂ ದೃಷ್ಟಾಂತವಾಗಿ ತೆಗೆದುಕೊಳ್ಳಲು ಸಂಕೋಚಪಡಲಿಲ್ಲ. ಪ್ರತಿಯಾಗಿ ಹೊಡೆಯಲು ಕೈಯೇ ಏಳದವಳು ಸಹಿಸಿದರೆ ಅದನ್ನು ಕ್ಷಮೆಯೆಂದು ಕರೆಯುವುದು ಕಷ್ಟ. ಕ್ಷಮಿಸುವುದಕ್ಕೂ ಮೊದಲು ಕೈಯಲ್ಲಿ ಶಕ್ತಿಯಿರಬೇಕು.

ಹೆಂಗಸರು ಇದನ್ನು ಹಿಂದೆಯೇ ಕಂಡುಕೊಂಡಿದ್ದರು. ಐದಡಿ ಎತ್ತರವೂ ಇಲ್ಲದ ಈಡಿತ್ ಗ್ಯಾರಡ್ ಎಂಬಾಕೆಯು ಲಂಡನ್ನಿನಲ್ಲಿ ಮತಾಧಿಕಾರಕ್ಕಾಗಿ ಹೋರಾಡಿದ ಸ್ತ್ರೀಯರ ಕಾವಲು ಪಡೆಗೆ 1913ರಲ್ಲಿ ಜಪಾನೀ ಜುಜುತ್ಸುವನ್ನು ಕಲಿಸಿದಳು. ರವೀಂದ್ರನಾಥ ಠಾಕೂರರು 1929ರಲ್ಲಿ ಜಪಾನಿನಿಂದ ತಕಗಾಕಿ ಎಂಬ ಗುರುಗಳನ್ನು ಶಾಂತಿನಿಕೇತನಕ್ಕೆ ಕರೆಸಿ ಬಾಲಕರೊಡನೆ ಬಾಲಕಿಯರಿಗೂ ಜೂಡೋ ಕಲಿಸಿದರು.

ಮದುವೆಯ ಚಿಂತೆಯೂ ಒಂದುಂಟು: ಕೈ ಮುರಿದರೆ? ಮುಖಕ್ಕೆ ಗಾಯವಾದರೆ? ಜಪಾನಿನ ಫುಕುದಾ ಕೇಕೋ ಎಂಬವರಿಗೆ ಜೂಡೋ ಅಥವಾ ವಿವಾಹ ಎಂಬ ಆಯ್ಕೆಯು ಎದುರಾಗಿ, ಅವರು ಜೂಡೋವನ್ನೇ ಹಿಡಿದು 98ನೆಯ ವಯಸ್ಸಿನಲ್ಲಿ ಹತ್ತನೆಯ ಶ್ರೇಣಿಯನ್ನು ಮುಟ್ಟಿದರು. ಎಲ್ಲರಿಗೂ ಈ ಆಯ್ಕೆಯು ಬರಬೇಕಾಗಿಲ್ಲ. ಮೀನಾಕ್ಷಿ ಅಮ್ಮನವರಿಗೆ ಬರಲಿಲ್ಲ. ಗಾಯದ ಮಾತನ್ನಾದರೋ ಗುರುವನ್ನು ನೋಡಿ ತೀರ್ಮಾನಿಸಬಹುದು. ಹೊಡೆಯುವುದಕ್ಕಿಂತ ಮೊದಲು ಬೀಳುವುದನ್ನು ಕಲಿಸುವವನೇ, ಹುಡುಗಿಯನ್ನು ಮುಟ್ಟಿ ತಿದ್ದುವ ಮೊದಲು ಕೇಳಿ ಮುಟ್ಟುವನೇ, ತಾಯಿಯು ಬಂದು ಕುಳಿತು ನೋಡುವುದಕ್ಕೆ ಒಪ್ಪುವನೇ, ಎರಡು ತಿಂಗಳಲ್ಲಿ ಅಜೇಯಳನ್ನಾಗಿ ಮಾಡುವೆನೆಂದು ಜಂಬ ಕೊಚ್ಚದಿರುವನೇ, ಇಷ್ಟನ್ನು ವಿಚಾರಿಸಿದರೆ ಸಾಕು.

ಇದೆಲ್ಲಕ್ಕಿಂತ ಮೊದಲು ಮಗಳನ್ನೇ ಕೇಳತಕ್ಕದ್ದು: ನಿನಗೆ ಇದು ಏತಕ್ಕೆ ಬೇಕಮ್ಮಾ? ಗೆಳತಿಯು ಹೋಗುತ್ತಾಳೆಂದು ಒಬ್ಬಳು ಹೇಳಬಹುದು. ಅಣ್ಣನಂತೆ ಜಿಗಿಯಬೇಕೆಂದು ಇನ್ನೊಬ್ಬಳು. ಮೈಗೆ ಸುಖವೆನಿಸುತ್ತದೆಂದು ಮತ್ತೊಬ್ಬಳು. ಯಾವಳಾದರೂ ಉತ್ತರ ಕೊಡದೆ ತಲೆ ತಗ್ಗಿಸಿದರೆ, ಶುಲ್ಕವನ್ನು ಕಟ್ಟುವ ಮೊದಲು ಅವಳ ಬಳಿ ಕುಳಿತು, ಯಾರ ಭಯವೆಂದು ಮೆಲ್ಲನೆ ವಿಚಾರಿಸಿರಿ. ಅವಳು ಹೇಳುವ ಹೆಸರು ನಿಮಗೆ ಬೇಕಾದವರದಾಗಿದ್ದರೂ ನಂಬಿರಿ.