ತಿನ್ನದೆ ಬಿಟ್ಟ ಕಾಯಿ

ಕಕ್ಕಬೆ,
ಹುತ್ತರಿ ಕಳೆದ ವಾರ

ಪ್ರೀತಿಯ ಮೊಮ್ಮಗಳೇ,



ನಿನ್ನ ಪತ್ರ ಬಂತು. ಓದು ಮುಗಿಸಿ ಮೇ ತಿಂಗಳಿಗೆ ಊರಿಗೇ ಬರುತ್ತೇನೆ, ಹಿತ್ತಲಿನ ತರಕಾರಿ ತೋಟವನ್ನು ನನಗೆ ಬಿಡಿ ಎಂದು ಬರೆದಿದ್ದೀಯ. ಓದಿ ಆದ ಸಂತೋಷ ಹೇಳಿ ತೀರುವಂಥದ್ದಲ್ಲ. ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಿದ್ದೀಯ: ಈ ಸಲ ಬೆಳೆದದ್ದರಲ್ಲಿ ಮುಂದಿನ ವರ್ಷಕ್ಕೆ ಯಾವುದನ್ನು ಇಟ್ಟುಕೊಳ್ಳೋಣ, ಯಾವುದನ್ನು ಬಿಡೋಣ? ಫೋನಿನಲ್ಲಿ ಹೇಳಿದರೆ ಅರ್ಧ ನಿನ್ನ ಕಿವಿಗೆ ಬೀಳುತ್ತದೆ, ಅರ್ಧ ನನಗೆ ಮರೆಯುತ್ತದೆ. ಅದಕ್ಕೇ ಬರೆಯಲು ಕೂತೆ. ಈ ಕಾಗದವನ್ನು ಜೋಪಾನವಾಗಿಡು. ಬಿತ್ತುವಾಗ ಒಮ್ಮೆ, ಬೀಜ ತೆಗೆಯುವಾಗ ಒಮ್ಮೆ ಓದು.

ಮೊದಲು ಮುಖ್ಯವಾದ ಮಾತು. ಇಷ್ಟದ ತರಕಾರಿ ಯಾವುದು ಎಂದರೆ ಎಲ್ಲರೂ ನಾಲಿಗೆಯನ್ನು ಕೇಳಿ ಹೇಳುತ್ತಾರೆ. ನಾನು ಇನ್ನೊಂದು ಅಳತೆ ಇಟ್ಟುಕೊಂಡಿದ್ದೇನೆ. ಯಾವ ಬಳ್ಳಿಯ ಎಲ್ಲಕ್ಕಿಂತ ಒಳ್ಳೆಯ ಕಾಯನ್ನು ತಿನ್ನದೆ ಬಿಡಲು ನಿನಗೆ ಮನಸ್ಸು ಬರುತ್ತದೋ ಅದೇ ನಿನ್ನ ಇಷ್ಟದ ತರಕಾರಿ. ಬಹಳಷ್ಟು ಮನೆಗಳಲ್ಲಿ ಎಳೆಯದು, ನೆಟ್ಟಗಿನದು, ರುಚಿಯದು ಎಲ್ಲ ಸಾರಿಗೆ ಹೋಗುತ್ತದೆ. ಬಳ್ಳಿ ಬಾಡುವ ಹೊತ್ತಿಗೆ ಮೂಲೆಯಲ್ಲಿ ಉಳಿದ ಸೊಟ್ಟ ಕಾಯಿ ಬೀಜಕ್ಕೆ ಬರುತ್ತದೆ. ನಾಲ್ಕೈದು ವರ್ಷ ಹೀಗೇ ನಡೆದರೆ ಬೀಜದ ಕಸುವು ಹೋಗಿ, ‘ನಾಟಿ ತಳಿ ಈಗ ಮೊದಲಿನ ಹಾಗಿಲ್ಲ’ ಎಂಬ ಮಾತು ಹುಟ್ಟುತ್ತದೆ. ನಾವು ಆರಿಸಿ ಬಿಟ್ಟದ್ದನ್ನೇ ತಳಿ ನಮಗೆ ವಾಪಸು ಕೊಡುತ್ತದೆ, ಮಗಳೇ.

ಆದ್ದರಿಂದ ಮುಂದಿನ ವರ್ಷದ ಆಯ್ಕೆಯನ್ನು ಮೇ ತಿಂಗಳಲ್ಲಿ ಅಂಗಡಿ ಮುಂದೆ ನಿಂತು ಮಾಡಬೇಡ. ಆಗಸ್ಟಿನಲ್ಲಿ, ಮಳೆಯಲ್ಲಿ ನೆನೆದು ನಿಂತ ಚಪ್ಪರದ ಕೆಳಗೆ ಮಾಡು. ನಮ್ಮದು ತಡಿಯಂಡಮೋಳ್ ಬೆಟ್ಟದ ಬುಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲೆ ಒಣಗಲು ಬಿಡುವೇ ಇರುವುದಿಲ್ಲ. ಬಯಲುಸೀಮೆಯಲ್ಲಿ ಚೆನ್ನಾಗಿ ಬರುವ ಎಷ್ಟೋ ತಳಿಗಳು ಇಲ್ಲಿ ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲೇ ಬೂಜು ಹಿಡಿದು ಮಲಗುತ್ತವೆ. ಆ ತಿಂಗಳನ್ನು ದಾಟಿ ಹಸಿರಾಗಿ ಉಳಿದ ಬಳ್ಳಿ ಯಾವುದು ಎಂದು ನೋಡಿ, ಅದಕ್ಕೆ ಆಗಲೇ ಬಣ್ಣದ ದಾರ ಕಟ್ಟು. ಕಾಯಿಯ ಅಂದ ನೋಡುವುದು ಆಮೇಲೆ. ಗಿಡದ ಆರೋಗ್ಯ ಮೊದಲು. ಒಂದೇ ಒಂದು ದೊಡ್ಡ ಕಾಯಿ ಬಿಟ್ಟು ಸುಸ್ತಾದ ಬಳ್ಳಿಗಿಂತ, ಹದವಾದ ಕಾಯಿಗಳನ್ನು ಕೊನೆಯವರೆಗೂ ಕೊಟ್ಟ ಬಳ್ಳಿ ಮೇಲು.

‘ನಾಟಿ’ ಎಂದರೆ ಇಲ್ಲೇ ಹುಟ್ಟಿದ್ದು ಎಂದು ನೀನು ಬರೆದಿದ್ದೀಯ. ಬದನೆ, ಸೌತೆ ನಮ್ಮ ದೇಶದವೇ. ಆದರೆ ನಮ್ಮ ಅಟ್ಟದ ಮೇಲಿನ ಸಿಹಿಗುಂಬಳ, ಬೇಲಿಯ ಜೀರಿಗೆ ಮೆಣಸು, ಬೀನ್ಸ್, ಟೊಮೆಟೊ ಎಲ್ಲದರ ಮೂಲ ಅಮೆರಿಕ ಖಂಡ. 1492ರಲ್ಲಿ ಕೊಲಂಬಸ್ ಆ ಕಡೆ ಹೋಗಿಬಂದ ಮೇಲೆ ಅವು ಸಮುದ್ರ ದಾಟಿದವು. ಅಷ್ಟು ದೂರದ ಮೆಣಸು ಕೊಡಗಿನ ಹಂದಿ ಕರಿಗೂ ಉಪ್ಪಿನಕಾಯಿಗೂ ಒಗ್ಗಿದ್ದು ಹೇಗೆ? ಯಾರೋ ಹೆಂಗಸರು ಪ್ರತಿ ಮಳೆಗಾಲದ ಕೊನೆಗೆ ಇದು ಬೇಕು, ಇದು ಬೇಡ ಎಂದು ಆರಿಸುತ್ತ ಬಂದರು. ಆ ಆಯ್ಕೆಯೇ ಅವುಗಳನ್ನು ನಮ್ಮವನ್ನಾಗಿ ಮಾಡಿತು. ನೀನು ಈಗ ಹಿಡಿಯಲಿರುವುದು ಆ ಕೆಲಸವನ್ನು.

ಇನ್ನು ನಮ್ಮ ಹಿತ್ತಲಿನ ಲೆಕ್ಕ.

ಸಾಂಬಾರು ಸೌತೆಯನ್ನು ಮೊದಲು ಇಟ್ಟುಕೋ. ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬೀಜದ ಕಾಯಿ ಬಳ್ಳಿಯಲ್ಲೇ ಪೂರ್ತಿ ಹಳದಿಯಾಗಬೇಕು. ಅದನ್ನು ಬಲಿಯಲು ಬಿಟ್ಟರೆ ಬಳ್ಳಿ ಹೊಸ ಕಾಯಿ ಕಟ್ಟುವುದನ್ನು ಕಡಿಮೆ ಮಾಡುತ್ತದೆ, ಅದು ಸಹಜ. ಹಾಗಾಗಿ ಅಡುಗೆಗೆ ಬೇರೆ, ಬೀಜಕ್ಕೆ ಬೇರೆ ಬಳ್ಳಿ ಇರಲಿ. ಕಾಯಿ ಕೊಯ್ದಾಗ ಒಂದು ಚೂರು ನಾಲಿಗೆಗೆ ಹಚ್ಚಿ ನೋಡದೆ ಬೀಜ ತೆಗೆಯಬೇಡ. ಸೌತೆ, ಸೋರೆಗಳ ಕಹಿ ಬೀಜದ ಮೂಲಕ ಮುಂದಿನ ಪೀಳಿಗೆಗೂ ಇಳಿಯುತ್ತದೆ. ಸೋರೆ ಬಹಳ ಕಹಿಯಿದ್ದರೆ ಅದು ವಿಷವೇ. ಉಗುಳಿ, ಕಾಯನ್ನು ಎಸೆದುಬಿಡು.

ಎರಡನೆಯದು ಸಿಹಿಗುಂಬಳ. ಇದರ ವಿಷಯದಲ್ಲಿ ಜೇನನ್ನು ನೆನಪಿಡು. ಕಕ್ಕಬೆ ಹಿಂದಿನಿಂದಲೂ ಜೇನಿಗೆ ಹೆಸರಾದ ಊರು. ಜೇನಿಲ್ಲದೆ ಕುಂಬಳ ಕಾಯಿ ಕಟ್ಟುವುದು ಕಷ್ಟ. ಆದರೆ ಅದೇ ಜೇನು ಪಕ್ಕದ ಮನೆಯ ಬೇರೆ ತಳಿಯ ಪರಾಗವನ್ನೂ ಹೊತ್ತು ತರುತ್ತದೆ. ಬೆರಕೆಯಾದದ್ದು ಈ ವರ್ಷದ ಕಾಯಿ ನೋಡಿದರೆ ತಿಳಿಯುವುದಿಲ್ಲ, ಅದರ ಬೀಜ ಬಿತ್ತಿದ ವರ್ಷ ಬಯಲಾಗುತ್ತದೆ. ನಮ್ಮ ತಳಿ ನಮ್ಮದಾಗಿಯೇ ಉಳಿಯಬೇಕಾದರೆ ಕೈಯಾರೆ ಪರಾಗ ಮುಟ್ಟಿಸಬೇಕು. ನಾಳೆ ಅರಳಲಿರುವ ಹೆಣ್ಣು ಮೊಗ್ಗಿನ ಬುಡದಲ್ಲಿ ಪುಟ್ಟ ಕುಂಬಳ ಇರುತ್ತದೆ. ಅದರ ತುದಿಯನ್ನೂ, ಬೇರೊಂದು ಬಳ್ಳಿಯ ಗಂಡು ಮೊಗ್ಗಿನ ತುದಿಯನ್ನೂ ಸಂಜೆಯೇ ದಾರದಿಂದ ಕಟ್ಟು. ಬೆಳಗ್ಗೆ ಬೇಗ ಎದ್ದು ಗಂಡು ಹೂವನ್ನು ಕಿತ್ತು ದಳ ಸುಲಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ ಮತ್ತೆ ಕಟ್ಟಿಬಿಡು. ಮಳೆನೀರು ಬಿದ್ದರೆ ಪರಾಗ ಕೆಡುತ್ತದೆ, ಆದ್ದರಿಂದ ಹೊಳವಾದ ಬೆಳಗ್ಗೆಗೆ ಕಾಯಬೇಕು. ಹೀರೆ ಹೂ ಅರಳುವುದು ಸಂಜೆಗೆ, ಪಡುವಲ ರಾತ್ರಿಗೆ. ಅವುಗಳ ಹೊತ್ತಿಗೆ ನೀನು ಹೋಗಬೇಕು.

ಜೇನಿನ ಮಾತು ಬಂದದ್ದಕ್ಕೆ ಇನ್ನೊಂದು ಸಂಗತಿ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನು ಬಹುಪಾಲು ನಾಶವಾಯಿತು. ನಿನ್ನ ಅಮ್ಮನಿಗೆ ನೆನಪಿದೆ, ಕೇಳು. ಪೆಟ್ಟಿಗೆಗಳೆಲ್ಲ ಖಾಲಿ. ರೋಗ ತಡೆದುಕೊಂಡು ಅಲ್ಲಲ್ಲಿ ಉಳಿದ ಕುಟುಂಬಗಳಿಂದಲೇ ತುಡುವೆ ಮತ್ತೆ ಚೇತರಿಸಿಕೊಂಡಿತು. ತರಕಾರಿಯಲ್ಲೂ ಅಷ್ಟೇ. ಆದ್ದರಿಂದ ಕುಂಬಳವಾಗಲಿ, ಸೌತೆಯಾಗಲಿ, ಒಂದೇ ಬಳ್ಳಿಯ ಬೀಜವನ್ನು ನಂಬಿ ಕೂರಬೇಡ. ಐದಾರು ಒಳ್ಳೆಯ ಬಳ್ಳಿಗಳ ಬೀಜ ಸೇರಿಸಿ ಇಟ್ಟರೆ ಹೊಸ ರೋಗ ಬಂದ ವರ್ಷ ಕೆಲವಾದರೂ ನಿಲ್ಲುತ್ತವೆ.

ಮೂರನೆಯದು ಅಲಸಂದೆ. ಹೊಸದಾಗಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ಹೂ ಅರಳುವ ಹೊತ್ತಿಗೇ ಒಳಗೆ ಪರಾಗಸ್ಪರ್ಶ ಮುಗಿದಿರುವುದರಿಂದ ಬೆರಕೆಯ ಭಯ ಕಡಿಮೆ. ಬೀನ್ಸೂ ಹಾಗೆಯೇ. ಹಾಲುಬೆಂಡೆ, ಬದನೆ, ಮೆಣಸುಗಳಲ್ಲಿ ಹುಳಹುಪ್ಪಟೆಗಳಿಂದ ಅಷ್ಟಿಷ್ಟು ಬೆರಕೆಯಾಗುತ್ತದೆ. ಅಂಥವನ್ನು ಒಂದು ಜಾತಿಗೆ ಒಂದೇ ತಳಿಯಂತೆ ಬೆಳೆದರೆ ತೊಂದರೆಯಿಲ್ಲ. ಹಾಲುಬೆಂಡೆಯನ್ನೂ ಉಳಿಸಿಕೊಳ್ಳೋಣ, ಬಲಿತರೂ ಬೇಗ ನಾರಾಗುವುದಿಲ್ಲ.

ಇನ್ನು ಹುತ್ತರಿ ಗೆಣಸು. ಪಾಡಿ ಇಗ್ಗುತಪ್ಪ ದೇವರ ಸನ್ನಿಧಿಯಲ್ಲಿ ಹುತ್ತರಿ ಹಬ್ಬದ ದಿನ ನಿಶ್ಚಯವಾದ ಕೂಡಲೇ ಎಲ್ಲರೂ ನೆನೆಯುವುದು ಕದಿರನ್ನು ಮತ್ತು ಈ ಗೆಣಸನ್ನು. ಮೊನ್ನೆ ಹಬ್ಬಕ್ಕೆ ಬಂದಾಗ ನೀನು ಬೆಲ್ಲ, ತುಪ್ಪ ಹಾಕಿಕೊಂಡು ತಿಂದೆಯಲ್ಲ, ಅದೇ. ಬೀಜ ಬಿತ್ತಿ ಬೆಳೆಯುವುದಲ್ಲ ಇದು. ಗೆಡ್ಡೆಯ ತುಂಡಿನಿಂದಲೇ ಬರಬೇಕು. ಹಾಗಾಗಿ ತಾಯಿಯ ಗುಣ ಹೆಚ್ಚುಕಡಿಮೆಯಿಲ್ಲದೆ ಮಕ್ಕಳಿಗೆ ಬರುತ್ತದೆ, ಕೊಳೆಯೂ ಹಾಗೆಯೇ ಬರುತ್ತದೆ. ಬಳ್ಳಿಗೆ ಅಂಟಿದ ತಲೆಯ ಭಾಗ ಬೇಗ ಮೊಳೆಯುತ್ತದೆ. ಆರೋಗ್ಯವಾದ ಗೆಡ್ಡೆಯ ತಲೆ ಕತ್ತರಿಸಿ, ಕತ್ತರಿಸಿದ ಜಾಗಕ್ಕೆ ಬೂದಿ ಹಚ್ಚಿ, ನೆರಳಿನಲ್ಲಿ ಆರಿಸಿ ಈಗಾಗಲೇ ಎತ್ತಿಟ್ಟಿದ್ದೇನೆ. ಬೇಸಿಗೆ ಮಳೆ ಬಿದ್ದ ಮೇಲೆ ನೀನೇ ನೆಡು.

ಬಿಡಬೇಕಾದದ್ದು? ಎಲೆಕೋಸಿನ ಬೀಜ ಮಾಡುವ ಆಸೆ ಬೇಡ. ಅದು ಹೂ ಬಿಡಲು ಉದ್ದನೆಯ ಚಳಿ ಬೇಕು, ಅಂಥ ಚಳಿ ನಮ್ಮಲ್ಲಿಲ್ಲ. ಮಳೆಗಾಲದ ಟೊಮೆಟೊವನ್ನೂ ಬಿಡು, ಅಂಗಮಾರಿಗೆ ಔಷಧಿ ಹೊಡೆದೇ ಸೋತುಹೋಗುತ್ತೀಯ. ಕುಯಿಲು ಮುಗಿದ ಗದ್ದೆಯಲ್ಲಿ ಬೇಸಿಗೆಗೆ ಹಾಕು.

ಅಂಗಡಿ ಬೀಜವನ್ನು ನಾನು ದೂರುವುದಿಲ್ಲ. ಆದರೆ ಪೊಟ್ಟಣದ ಮೇಲೆ ಏನು ಬರೆದಿದೆ ಎಂದು ಓದು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ ಒಂದು ಸ್ಥಿರವಾದ ತಳಿ. ಅದರ ಬೀಜ ಇಟ್ಟು ಮತ್ತೆ ಬೆಳೆಯಬಹುದು. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಎಫ್1 ಹೈಬ್ರಿಡ್. ಅದರ ಬೀಜ ಬಿತ್ತಿದರೆ ಗಿಡಕ್ಕೊಂದು ಗುಣ ಬರುತ್ತದೆ. ಅನುಮಾನ ಬಂದರೆ ನಮ್ಮ ಚೆಟ್ಟಳ್ಳಿಯಲ್ಲೇ ಆ ಸಂಸ್ಥೆಯ ಕೇಂದ್ರವಿದೆ, ಹೋಗಿ ಕೇಳು. ಹಕ್ಕಿನ ವಿಷಯವೂ ತಿಳಿದಿರಲಿ: ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರಲ್ಲಿ ಆಯಿತು. ಅದರ ಪ್ರಕಾರ ರೈತ ತನ್ನ ಬೆಳೆಯ ಬೀಜವನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಕಾಯ್ದೆಯಡಿ ಸಂರಕ್ಷಿತವಾದ ತಳಿಯ ಬೀಜವನ್ನು ಪೊಟ್ಟಣ ಕಟ್ಟಿ, ಆ ತಳಿಯ ಹೆಸರು ಹಚ್ಚಿ ಬ್ರ್ಯಾಂಡ್ ಬೀಜವಾಗಿ ಮಾರುವಂತಿಲ್ಲ, ಅಷ್ಟೇ.

ಆರಿಸಿದ್ದನ್ನು ಕಾಯುವುದು ನಮ್ಮೂರಲ್ಲಿ ಆರಿಸುವುದಕ್ಕಿಂತ ಕಷ್ಟ. ಬೀಜದ ಶತ್ರು ತೇವ. ಬೀಜದೊಳಗಿನ ತೇವ ಶೇಕಡ 1ರಷ್ಟು ಇಳಿದರೆ ಅದರ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬೀಜ ವಿಜ್ಞಾನಿಗಳ ಲೆಕ್ಕ. ಸೌತೆ, ಟೊಮೆಟೊ ಬೀಜವನ್ನು ತಿರುಳಿನ ಜೊತೆ ಒಂದೆರಡು ದಿನ ಹುಳಿಯಲು ಬಿಟ್ಟು ತೊಳೆ, ಲೋಳೆ ಬಿಡುತ್ತದೆ. ನೆರಳಿನಲ್ಲಿ ಚೆನ್ನಾಗಿ ಒಣಗಿಸು. ಹಿಂದೆ ಸಗಣಿಯಲ್ಲಿ ಬೆರೆಸಿ ಗೋಡೆಗೆ ತಟ್ಟುತ್ತಿದ್ದರು, ಇಲ್ಲವೇ ಬೂದಿ ಬೆರೆಸಿ ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದರು. ಹೊಗೆ, ಬಿಸಿ ಎರಡೂ ತೇವವನ್ನೂ ಹುಳವನ್ನೂ ದೂರವಿಡುತ್ತಿದ್ದವು. ಈಗ ಗ್ಯಾಸ್ ಒಲೆ ಬಂದಿದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹುರಿದು ಆರಿಸಿದ ಅಕ್ಕಿಯ ಗಂಟಿನ ಜೊತೆ ಇಡು. ಅಕ್ಕಿ ತೇವ ಹೀರಿಕೊಳ್ಳುತ್ತದೆ. ತಳಿಯ ಹೆಸರು, ವರ್ಷ, ಯಾರ ಮನೆಯಿಂದ ಬಂದದ್ದು ಎಂದು ಚೀಟಿ ಬರೆದು ಹಾಕು. ಬಿತ್ತುವ ಮುಂಚೆ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿಡು. ಏಳೆಂಟು ಮೊಳೆತರೆ ಧೈರ್ಯವಾಗಿ ಬಿತ್ತು.

ಕೊನೆಯದಾಗಿ, ಇದೆಲ್ಲಕ್ಕಿಂತ ದೊಡ್ಡ ಮಾತು: ಹಂಚು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಮನೆಗಳೇ ಮಣ್ಣಿನಡಿಗೆ ಹೋದವು. ಒಂದೇ ಮನೆಯಲ್ಲಿ ಇರುವ ಬೀಜ ಇಲ್ಲವಾಗಲು ಒಂದು ಮಳೆಗಾಲ ಸಾಕು. ನಾಲ್ಕು ಮನೆಯಲ್ಲಿದ್ದರೆ ಮತ್ತೆ ಕೇಳಿ ಪಡೆಯಬಹುದು. ಕಾಸರಗೋಡಿನ ಸತ್ಯನಾರಾಯಣ ಬೇಳೇರಿಯವರ ಹೆಸರು ಕೇಳಿದ್ದೀಯ. 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಕಾಪಾಡಿದ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಜಾಗ ಸಾಲದಿದ್ದರೆ ಚೀಲಗಳಲ್ಲಾದರೂ ಬೆಳೆದು ತಳಿ ಉಳಿಸಿದರು, ಕೇಳಿದವರಿಗೆ ಕೊಟ್ಟರು. ಉಡುಪಿಯ ಹತ್ತಿರ ಮಟ್ಟು ಎಂಬ ಊರಿದೆ. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಎಂಬ ನಂಬಿಕೆಯಿಂದ ಅಲ್ಲಿಯವರು ಮಟ್ಟುಗುಳ್ಳ ಬದನೆಯನ್ನು ತಲೆಮಾರುಗಳಿಂದ ಬೆಳೆಯುತ್ತಿದ್ದಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಆದರೆ ಅದನ್ನು ಇಷ್ಟು ಕಾಲ ಉಳಿಸಿದ್ದು ‘ಹುಳಿಗೆ ಗುಳ್ಳವೇ ಆಗಬೇಕು’ ಎನ್ನುವ ಊಟದವರ ಹಟ. ಬೇಡುವ ಬಾಯಿ ಇರುವವರೆಗೆ ತಳಿಗೆ ಸಾವಿಲ್ಲ. ಆದ್ದರಿಂದ ಬೀಜ ಕೊಡುವಾಗ ಅಡುಗೆಯನ್ನೂ ಹೇಳಿಕೊಡು. ಕುಂಬಳ ಕೊಟ್ಟವರ ಮನೆಗೆ ಕುಂಬಳ ಕರಿಯ ಹದವೂ ಹೋಗಲಿ.

ಒಟ್ಟಿನಲ್ಲಿ ಬರುವ ವರ್ಷಕ್ಕೆ ಸಾಂಬಾರು ಸೌತೆ, ಸಿಹಿಗುಂಬಳ, ಅಲಸಂದೆ, ಹಾಲುಬೆಂಡೆ, ಹುತ್ತರಿ ಗೆಣಸು, ಈ ಐದು ಸಾಕು. ಇಪ್ಪತ್ತು ತಂದು ಹದಿನೈದನ್ನು ಕಳೆದುಕೊಳ್ಳುವುದಕ್ಕಿಂತ ಐದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಒಳ್ಳೆಯದು. ನಿನ್ನದೇ ಇಷ್ಟದ ಆರನೆಯದೊಂದನ್ನು ನೀನು ಆರಿಸು. ಅದು ಯಾವುದೆಂದು ಮುಂದಿನ ಪತ್ರದಲ್ಲಿ ಬರೆ, ಯಾರ ಮನೆಯಲ್ಲಿ ಬೀಜ ಸಿಗುತ್ತದೆ ಎಂದು ನಾನು ವಿಚಾರಿಸಿಡುತ್ತೇನೆ. ಪರೀಕ್ಷೆಗೆ ಚೆನ್ನಾಗಿ ಓದು, ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಗ್ಗುತಪ್ಪ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಪ್ರೀತಿಯ
ಅಜ್ಜಿ