ಗುಜರಿಯಲ್ಲಿ ಯೆಜ್ಡಿ ಹುಡುಕುವವರಿಗೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಗುಜರಿ ಅಂಗಡಿಯಲ್ಲಿ ಯೆಜ್ಡಿ ಬೈಕಿನ ಸಾಮಾನು ಕಣ್ಣಿಗೆ ಬಿದ್ದರೆ ಕೂಡಲೇ ಜೇಬಿಗೆ ಕೈ ಹಾಕಬೇಡಿ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಮುಚ್ಚಿದೆ, ಅಸಲಿ ಸಾಮಾನಿಗೆ ಗಿರಾಕಿ ಇದ್ದಾರೆ ಎಂಬುದು ಅಂಗಡಿಯವರಿಗೂ ಗೊತ್ತು.

ಜೊತೆಗೊಂದು ಸಣ್ಣ ಅಯಸ್ಕಾಂತ ಇರಲಿ. ಪೆಟ್ರೋಲ್ ಟ್ಯಾಂಕಿನ ಮೇಲೆ ಆಡಿಸಿ ನೋಡಿ. ಹಿಡಿತ ಸಡಿಲವಾದ ಕಡೆ ಬಣ್ಣದಡಿ ದಪ್ಪಗೆ ಪುಟ್ಟಿ ಮೆತ್ತಿರುತ್ತಾರೆ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಒಳಗಿನ ತುಕ್ಕೂ ಕಾಣುತ್ತದೆ. ಯೆಜ್ಡಿಯಲ್ಲಿ ಕಿಕ್ಕಿಗೂ ಗೇರಿಗೂ ಒಂದೇ ಲಿವರ್. ಅದರ ಹಲ್ಲು ಸವೆದಿದೆಯೇ ಎಂದು ಬೆರಳಾಡಿಸಿ ನೋಡಿ. ಎಂಜಿನ್ ಬಿಗಿದಿದ್ದರೆ ಸುತ್ತಿಗೆ ಎತ್ತಬೇಡಿ. ಪ್ಲಗ್ ಬಿಚ್ಚಿ, ಸ್ವಲ್ಪ ಡೀಸೆಲ್ ಹುಯ್ದು ರಾತ್ರಿಯಿಡೀ ಬಿಡಿ.

ಚಾಸಿ ನಂಬರ್ ಉಜ್ಜಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಆರ್‌ಸಿ ಕೇಳಿ. ಈಗ ಹಾವೇರಿ ಜಿಲ್ಲೆಯಲ್ಲಿರುವ ಈ ತಾಲ್ಲೂಕುಗಳು 1997ಕ್ಕೆ ಮುಂಚೆ ಧಾರವಾಡ ಜಿಲ್ಲೆಯಲ್ಲಿದ್ದವು, ಹಾಗಾಗಿ ಹಳೆ ಗಾಡಿಯ ದಾಖಲೆ ಹಾವೇರಿಯಲ್ಲಿ ಸಿಗದಿದ್ದರೆ ಧಾರವಾಡದಲ್ಲೂ ವಿಚಾರಿಸಿ. ಗಾಡಿಯ ರೂಪವನ್ನೇ ಬದಲಿಸುವ ಹುಮ್ಮಸ್ಸಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತದೆ. ವೆಲ್ಡಿಂಗ್ ಅಂಗಡಿಗೆ ಹೋಗುವ ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳಿ.