ಶೇಖರಣಾ ಡ್ರೈವ್‌ಗಳಲ್ಲಿ ಡೇಟಾ ಓದು–ಬರಹ: ಮುಖ್ಯಾಂಶಗಳು

1956: ಒಂದೇ ವರ್ಷ, ಎರಡು ದಿನಾಂಕ

• 1956 ಸೆಪ್ಟೆಂಬರ್: ಐಬಿಎಂ 305 ರಾಮ್ಯಾಕ್ ಕಂಪ್ಯೂಟರ್ ಘೋಷಣೆ, ಅದರ ‘350’ ಘಟಕವೇ ವಿಶ್ವದ ಮೊದಲ ವಾಣಿಜ್ಯ ಹಾರ್ಡ್ ಡಿಸ್ಕ್ ಡ್ರೈವ್.
• 1956 ನವೆಂಬರ್ 1: ರಾಜ್ಯ ಪುನರ್ವಿಂಗಡಣಾ ಕಾಯ್ದೆ ಜಾರಿ. ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ಹಾಗೂ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ; ಎರಡೂ ಜಿಲ್ಲೆಗಳ ಉಳಿದ ಭಾಗ ಮೈಸೂರು ರಾಜ್ಯಕ್ಕೆ.
• ಈಗ ತೆಲಂಗಾಣದಲ್ಲಿರುವ ಈ ಗಡಿಭಾಗದ ಜೋಗುಳಾಂಬ ಗದ್ವಾಲ ಜಿಲ್ಲೆ ರಚನೆ: 2016 ಅಕ್ಟೋಬರ್ 11.
• ನಾರಾಯಣಪೇಟೆ ಜಿಲ್ಲೆ ರಚನೆ: 2019 ಫೆಬ್ರವರಿ 17. ಮಖ್ತಲ್, ಕೋಸಗಿ, ಮದ್ದೂರು ಇದೇ ಜಿಲ್ಲೆಯಲ್ಲಿ. ಕೋಸಗಿ, ಮದ್ದೂರು ಮಂಡಲಗಳ ವಿಧಾನಸಭಾ ಕ್ಷೇತ್ರ ಕೊಡಂಗಲ್.

ಐಬಿಎಂ 350: ಅಂಕಿಗಳು

• ತಯಾರಿಕಾ ತಂಡದ ಮುಖ್ಯಸ್ಥ: ರೆನಾಲ್ಡ್ ಜಾನ್ಸನ್, ಸ್ಥಳ: ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ.
• ತಟ್ಟೆಗಳು: 50. ವ್ಯಾಸ: 24 ಅಂಗುಲ. ವೇಗ: ನಿಮಿಷಕ್ಕೆ 1,200 ಸುತ್ತು.
• ಸಾಮರ್ಥ್ಯ: 50 ಲಕ್ಷ ಅಕ್ಷರ, ಅಕ್ಷರಕ್ಕೆ 6 ಬಿಟ್, ಇಂದಿನ ಅಳತೆಯಲ್ಲಿ 3.75 ಎಂಬಿ.
• ಸರಾಸರಿ ಪ್ರವೇಶ ಕಾಲ: ಸುಮಾರು 600 ಮಿಲಿಸೆಕೆಂಡ್. ತೂಕ: 1 ಟನ್‌ಗೂ ಅಧಿಕ.
• ಮಹತ್ವ: ಟೇಪಿನಂತೆ ಮೊದಲಿನಿಂದ ಸುರುಳಿ ಬಿಚ್ಚುವ ಅಗತ್ಯವಿಲ್ಲದ ನೇರ ಪ್ರವೇಶ.

ಡಿಸ್ಕ್‌ಗೆ ಮುಂಚಿನ ಓದು–ಬರಹ

• 1804: ಜೋಸೆಫ್ ಮರಿ ಜಾಕಾರ್ಡ್, ಫ್ರಾನ್ಸ್, ರಂಧ್ರವಿರುವ ಕಾರ್ಡುಗಳಿಂದ ನಡೆಯುವ ಮಗ್ಗ. ರಂಧ್ರ ಇದ್ದರೆ ಒಂದು ಕ್ರಿಯೆ, ಇಲ್ಲದಿದ್ದರೆ ಇನ್ನೊಂದು. ದ್ವಿಮಾನ ಓದಿನ ಆರಂಭಿಕ ಮಾದರಿ.
• ಗದ್ವಾಲ ಸೀರೆ: ಹತ್ತಿಯ ಒಡಲು, ರೇಷ್ಮೆಯ ಅಂಚು ಮತ್ತು ಸೆರಗು, ಅಂಚಿನ ಬುಟ್ಟಾ, ವಿನ್ಯಾಸಗಳಿಗೆ ಜಾಕಾರ್ಡ್ ಬಳಕೆ. ಶೇಖರಣಾ ತತ್ವದ ಹಳೆಯ ಸಾಧನವೊಂದು ಈ ಭಾಗದ ನೇಕಾರರ ಮನೆಯಲ್ಲೇ ಇರುವುದು ಗಮನಾರ್ಹ.
• 1890: ಹರ್ಮನ್ ಹಾಲರಿತ್; ಅಮೆರಿಕದ ಜನಗಣತಿಗೆ ಪಂಚ್ ಕಾರ್ಡ್.
• 1898: ವಾಲ್ಡೆಮಾರ್ ಪೌಲ್ಸನ್, ಡೆನ್ಮಾರ್ಕ್, ಉಕ್ಕಿನ ತಂತಿಯ ಮೇಲೆ ಮೊದಲ ಕಾಂತೀಯ ಧ್ವನಿಮುದ್ರಣ.
• 1932: ಗುಸ್ತಾವ್ ಟೌಶೆಕ್, ಆಸ್ಟ್ರಿಯಾ, ಕಾಂತೀಯ ಡ್ರಮ್.
• 1951: ಯುನಿವ್ಯಾಕ್ ಕಂಪ್ಯೂಟರಿನ ಯುನಿಸರ್ವೋ, ಕಾಂತೀಯ ಟೇಪ್ ಡ್ರೈವ್.

ಮೂಲ ಪದಗಳು

• ಬಿಟ್: 0 ಅಥವಾ 1. ನಿಬಲ್: 4 ಬಿಟ್. ಬೈಟ್: 8 ಬಿಟ್.
• ರಾಮ್: ವಿದ್ಯುತ್ ಹೋದರೆ ಅಳಿಯುವ ಸ್ಮೃತಿ. ಹಾರ್ಡ್ ಡಿಸ್ಕ್, ಫ್ಲ್ಯಾಶ್, ಸಿಡಿ, ಟೇಪ್: ವಿದ್ಯುತ್ ಇಲ್ಲದೆಯೂ ಉಳಿಯುವ ಸ್ಮೃತಿ.
• ದಶಮಾನ ಟಿಬಿ: 10ರ ಘಾತ 12 ಬೈಟ್. ದ್ವಿಮಾನ ಟೆಬಿಬೈಟ್: 2ರ ಘಾತ 40 ಬೈಟ್. 1998: ಕಿಬಿ, ಮೆಬಿ, ಗಿಬಿ ಹೆಸರುಗಳ ಅಂತರರಾಷ್ಟ್ರೀಯ ಅಂಗೀಕಾರ.
• 1 ಟಿಬಿ ಡ್ರೈವ್ ಪರದೆಯಲ್ಲಿ 931 ಜಿಬಿ: ಅಳತೆಗಳ ವ್ಯತ್ಯಾಸ ಮಾತ್ರ, ಜಾಗದ ನಷ್ಟ ಅಲ್ಲ.

ಡ್ರೈವ್‌ನಲ್ಲಿ ‘ಕೋಸಗಿ’ ಎಂಬ ಊರ ಹೆಸರು: 15 ಬೈಟ್, 120 ಬಿಟ್

• ಯೂನಿಕೋಡ್ 1.0: 1991, ಕನ್ನಡ, ತೆಲುಗು ಎರಡೂ ಸೇರ್ಪಡೆ.
• ತೆಲುಗು ಸಂಕೇತ ಶ್ರೇಣಿ: 3072–3199. ಕನ್ನಡ: 3200–3327. ಪಟ್ಟಿಯಲ್ಲಿಯೂ ಅಕ್ಕಪಕ್ಕ.
• ಯುಟಿಎಫ್-8: ಕೆನ್ ಥಾಮ್ಸನ್, ರಾಬ್ ಪೈಕ್, 1992. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್.
• ಕ, ಓತ್ವ, ಸ, ಗ, ಇತ್ವ: 5 ಸಂಕೇತ; 5 × 3 = 15 ಬೈಟ್; 15 × 8 = 120 ಬಿಟ್.
• ‘ಕ’ ಸಂಕೇತ ಸಂಖ್ಯೆ: 3221. ಡ್ರೈವ್‌ಗೆ ಹೋಗುವ ರೂಪ: 11100000 10110010 10010101.
• ತೆಲುಗಿನ ಬರಹದಲ್ಲಿ ಇದೇ ಊರು ‘ಕೋಸ್ಗಿ’: ಒತ್ತಕ್ಷರದ ವಿರಾಮ ಚಿಹ್ನೆಯೂ ಒಂದು ಸಂಕೇತ, ಒಟ್ಟು 6 ಸಂಕೇತ, 18 ಬೈಟ್. ರೋಮನ್ ಲಿಪಿಯಲ್ಲಿ 5 ಬೈಟ್.
• 512 ಬೈಟ್‌ನ ಸೆಕ್ಟರ್‌ನಲ್ಲಿ ಹಿಡಿಯುವ ಕನ್ನಡ ಸಂಕೇತಗಳು: 170. 4,096 ಬೈಟ್‌ನಲ್ಲಿ: 1,365.

ಹಾರ್ಡ್ ಡಿಸ್ಕ್: ರಚನೆ

• ತಟ್ಟೆ: ಅಲ್ಯೂಮಿನಿಯಂ ಮಿಶ್ರಲೋಹ ಅಥವಾ ಗಾಜು, ಮೇಲೆ ಕೋಬಾಲ್ಟ್ ಮಿಶ್ರಲೋಹದ ಕಾಂತೀಯ ಪದರ, ಅದರ ಮೇಲೆ ಇಂಗಾಲದ ರಕ್ಷಾಪದರ.
• ಟ್ರ್ಯಾಕ್: ಏಕಕೇಂದ್ರ ವೃತ್ತ. ಸೆಕ್ಟರ್: ಟ್ರ್ಯಾಕ್‌ನ ತುಂಡು. ಸಿಲಿಂಡರ್: ಎಲ್ಲ ತಟ್ಟೆಗಳ ಒಂದೇ ಸ್ಥಾನದ ಟ್ರ್ಯಾಕ್‌ಗಳ ಸಮೂಹ.
• ಸೆಕ್ಟರ್ ಗಾತ್ರ: ಹಿಂದೆ 512 ಬೈಟ್, ಈಗಿನ ‘ಅಡ್ವಾನ್ಸ್ಡ್ ಫಾರ್ಮ್ಯಾಟ್’ನಲ್ಲಿ 4,096 ಬೈಟ್.
• ಚಲನೆ: ತಟ್ಟೆಗೆ ಸ್ಪಿಂಡಲ್ ಮೋಟರ್, ಓದು–ಬರಹದ ಹೆಡ್ ಹೊತ್ತ ತೋಳಿಗೆ ವಾಯ್ಸ್ ಕಾಯಿಲ್.
• ಹೆಡ್–ತಟ್ಟೆ ಅಂತರ: ಕೆಲವೇ ನ್ಯಾನೋಮೀಟರ್, ತೇಲಿಸುವುದು ತಟ್ಟೆಯ ತಿರುಗಾಟದಿಂದ ಏಳುವ ಗಾಳಿಪದರ. ಹೆಡ್ ತಟ್ಟೆಗೆ ತಾಗುವ ಅವಘಡ: ಹೆಡ್ ಕ್ರ್ಯಾಶ್.

ಹಾರ್ಡ್ ಡಿಸ್ಕ್: ಬರಹ ಮತ್ತು ಓದು

• ಬರಹ: ಹೆಡ್ ಸುರುಳಿಯಲ್ಲಿ ವಿದ್ಯುತ್, ದಿಕ್ಕು ಬದಲಾದಂತೆ ಕಾಂತಕ್ಷೇತ್ರದ ದಿಕ್ಕು ಬದಲು, ಅಡಿಯಲ್ಲಿ ಸಾಗುವ ಕಣಗಳು ಅದೇ ದಿಕ್ಕಿಗೆ.
• ಬಿಟ್ ಗುರುತು: ಕಾಂತತೆಯ ದಿಕ್ಕಿನಿಂದಲ್ಲ, ದಿಕ್ಕು ತಿರುಗುವ ಗಡಿಯಿಂದ. ಪರೀಕ್ಷೆಯ ಹೇಳಿಕೆ ಮಾದರಿಯ ಪ್ರಶ್ನೆಯಲ್ಲಿ ತಪ್ಪು ಆಯ್ಕೆಗೆ ಎಡೆಗೊಡುವ ಅಂಶ.
• ಓದು, ಹಳೆಯ ಕ್ರಮ: ಸುರುಳಿಯಲ್ಲಿ ಪ್ರೇರಿತ ವಿದ್ಯುತ್, ಫ್ಯಾರಡೆ ನಿಯಮ.
• ಓದು, ಹೊಸ ಕ್ರಮ: ಕಾಂತಕ್ಷೇತ್ರಕ್ಕೆ ತಕ್ಕಂತೆ ಬದಲಾಗುವ ವಿದ್ಯುತ್ ರೋಧ, ಕಾಂತರೋಧ ಸಂವೇದಕ.
• 1988: ದೈತ್ಯ ಕಾಂತರೋಧ ಪರಿಣಾಮದ ಶೋಧ, ಆಲ್ಬರ್ಟ್ ಫರ್ಟ್ (ಫ್ರಾನ್ಸ್), ಪೀಟರ್ ಗ್ರೂನ್‌ಬರ್ಗ್ (ಜರ್ಮನಿ), ಪ್ರತ್ಯೇಕವಾಗಿ. 1997: ಐಬಿಎಂ ಡ್ರೈವ್‌ನಲ್ಲಿ ಬಳಕೆ. 2007: ಇಬ್ಬರಿಗೂ ಭೌತಶಾಸ್ತ್ರ ನೊಬೆಲ್.
• ಪ್ರವೇಶ ಕಾಲ = ಹೆಡ್ ಸರಿಯುವ ಕಾಲ + ತಿರುಗು ವಿಳಂಬ + ವರ್ಗಾವಣೆ ಕಾಲ.
• ಸರಾಸರಿ ತಿರುಗು ವಿಳಂಬ = ಅರ್ಧ ಸುತ್ತಿನ ಕಾಲ.
– 5,400 ಸುತ್ತು: 5.56 ಮಿಲಿಸೆಕೆಂಡ್
– 7,200 ಸುತ್ತು: 4.17 ಮಿಲಿಸೆಕೆಂಡ್
– 15,000 ಸುತ್ತು: 2 ಮಿಲಿಸೆಕೆಂಡ್
• ಲೆಕ್ಕದ ಕ್ರಮ: 7,200 ÷ 60 = ಸೆಕೆಂಡಿಗೆ 120 ಸುತ್ತು; 1 ÷ 120 = 8.33 ಮಿಲಿಸೆಕೆಂಡ್, ಅರ್ಧ 4.17.

ಫ್ಲಾಪಿ, ಹಾರ್ಡ್ ಡಿಸ್ಕ್: ಮೊದಲುಗಳು

• 1971: ಐಬಿಎಂ 8 ಅಂಗುಲ ಫ್ಲಾಪಿ. 1976: 5.25 ಅಂಗುಲ ಫ್ಲಾಪಿ, ಶುಗಾರ್ಟ್ ಅಸೋಸಿಯೇಟ್ಸ್.
• 1973: ಐಬಿಎಂ 3340 ‘ವಿಂಚೆಸ್ಟರ್’, ಹೆಡ್–ತಟ್ಟೆ ಒಂದೇ ಮುಚ್ಚಿದ ಕೋಶದಲ್ಲಿ.
• 1980: ಐಬಿಎಂ 3380, ಗಿಗಾಬೈಟ್ ದಾಟಿದ ಮೊದಲ ಡ್ರೈವ್.
• 1980: ಸೀಗೇಟ್ ಎಸ್‌ಟಿ-506, ಮೊದಲ 5.25 ಅಂಗುಲ ಹಾರ್ಡ್ ಡಿಸ್ಕ್, 5 ಎಂಬಿ.
• 2005: ತೋಷಿಬಾ; ಲಂಬ ಕಾಂತೀಯ ಮುದ್ರಣದ ಮೊದಲ ಮಾರುಕಟ್ಟೆ ಡ್ರೈವ್. ತತ್ವದ ಪ್ರತಿಪಾದಕ: ಶುನಿಚಿ ಇವಾಸಾಕಿ, ಜಪಾನ್.
• 2007: ಹಿಟಾಚಿ, ಮೊದಲ 1 ಟಿಬಿ ಡ್ರೈವ್.
• 2013: ಎಚ್‌ಜಿಎಸ್‌ಟಿ, ಹೀಲಿಯಂ ತುಂಬಿದ ಮೊದಲ ಡ್ರೈವ್, 6 ಟಿಬಿ.
• 2024: ಸೀಗೇಟ್ ಮೊಝಾಯಿಕ್ 3+, ಲೇಸರ್ ಶಾಖದ ನೆರವಿನ ಕಾಂತೀಯ ಬರಹ, 30 ಟಿಬಿ ಶ್ರೇಣಿ.

ಬೆಳಕಿನ ಓದು

• ಸಿಡಿ: 1982, ಫಿಲಿಪ್ಸ್–ಸೋನಿ, ಲೇಸರ್ 780 ನ್ಯಾನೋಮೀಟರ್, 650–700 ಎಂಬಿ. ಡಿವಿಡಿ: 650 ನ್ಯಾನೋಮೀಟರ್, 4.7 ಜಿಬಿ. ಬ್ಲೂ-ರೇ: 405 ನ್ಯಾನೋಮೀಟರ್, ಒಂದು ಪದರಕ್ಕೆ 25 ಜಿಬಿ.
• ತರಂಗಾಂತರ ಕಡಿಮೆಯಾದಷ್ಟೂ ಬಿಂದು ಕಿರಿದು, ಸಾಮರ್ಥ್ಯ ಹಿರಿದು.
• ಡಿಸ್ಕ್ ಮೇಲಿನ ಗುಳಿಯ ಅಂಚು: 1. ಗುಳಿಯ ತಳ ಅಥವಾ ಸಮತಲ: 0.
• ಮರುಬರಹದ ಸಿಡಿ: ಸ್ಫಟಿಕ ಮತ್ತು ಅಸ್ಫಟಿಕ ಸ್ಥಿತಿಗಳ ನಡುವಿನ ಬದಲಾವಣೆ.

ಫ್ಲ್ಯಾಶ್: ಎಸ್‌ಎಸ್‌ಡಿ, ಪೆನ್‌ಡ್ರೈವ್, ಮೆಮರಿ ಕಾರ್ಡ್

• 1967: ತೇಲು ಗೇಟ್ ತತ್ವ, ದಾವೋನ್ ಕಾಂಗ್, ಸೈಮನ್ ಸ್ಸೆ, ಬೆಲ್ ಪ್ರಯೋಗಾಲಯ.
• 1984: ಫುಜಿಯೊ ಮಸುವೊಕಾ, ತೋಷಿಬಾ, ಫ್ಲ್ಯಾಶ್ ಸ್ಮೃತಿಯ ಮಂಡನೆ. 1987: ನ್ಯಾಂಡ್ ಫ್ಲ್ಯಾಶ್.
• 1988: ಸ್ಯಾನ್‌ಡಿಸ್ಕ್ ಸ್ಥಾಪನೆ, ಎಲಿ ಹರಾರಿ, ಸಂಜಯ್ ಮೆಹ್ರೋತ್ರಾ, ಜ್ಯಾಕ್ ಯುವಾನ್. ಮೆಹ್ರೋತ್ರಾ ಜನ್ಮಸ್ಥಳ ಕಾನ್ಪುರ. 2017ರಿಂದ ಸ್ಮೃತಿ ಚಿಪ್ ತಯಾರಕ ಮೈಕ್ರಾನ್ ಮುಖ್ಯಸ್ಥ.
• 1991: ಸ್ಯಾನ್‌ಡಿಸ್ಕ್ ಫ್ಲ್ಯಾಶ್ ಎಸ್‌ಎಸ್‌ಡಿ, 20 ಎಂಬಿ.
• 2013: ಸ್ಯಾಮ್‌ಸಂಗ್; 24 ಪದರದ ತ್ರಿಆಯಾಮ ನ್ಯಾಂಡ್, ಸಗಟು ಉತ್ಪಾದನೆಯಲ್ಲಿ ಮೊದಲನೆಯದು.
• ಬರಹ: ಹೆಚ್ಚಿನ ವೋಲ್ಟೇಜ್, ನಿರೋಧಕ ಪದರ ದಾಟಿ ತೇಲು ಗೇಟ್‌ನಲ್ಲಿ ಎಲೆಕ್ಟ್ರಾನ್‌ಗಳ ಸೆರೆ. ವಿಧಾನ: ಫೌಲರ್–ನಾರ್ಡ್‌ಹೈಮ್ ಸುರಂಗನ, ಕ್ವಾಂಟಮ್ ವಿದ್ಯಮಾನ.
• ಓದು: ನಿಯಂತ್ರಣ ಗೇಟ್‌ಗೆ ನಿರ್ದಿಷ್ಟ ವೋಲ್ಟೇಜ್, ವಿದ್ಯುತ್ ಹರಿದರೆ 1, ಹರಿಯದಿದ್ದರೆ 0.
• ಖಾಲಿ ಕೋಶ: 1. ಎಲೆಕ್ಟ್ರಾನ್ ತುಂಬಿದ ಕೋಶ: 0. ಹಲವರು ತಿರುಗಿಸಿ ನೆನಪಿಡುವ ಅಂಶ.
• ಕೋಶಕ್ಕೆ ಬಿಟ್: ಎಸ್‌ಎಲ್‌ಸಿ 1, ಎಂಎಲ್‌ಸಿ 2, ಟಿಎಲ್‌ಸಿ 3, ಕ್ಯೂಎಲ್‌ಸಿ 4. ವೋಲ್ಟೇಜ್ ಹಂತ: ಕ್ರಮವಾಗಿ 2, 4, 8, 16.
• ‘ಕೋಸಗಿ’ಗೆ ಬೇಕಾದ ಕೋಶ: ಕ್ರಮವಾಗಿ 120, 60, 40, 30, ದೋಷ ತಿದ್ದುವ ಬಿಟ್ ಹೊರತು.
• ಬಾಳಿಕೆ: ಎಸ್‌ಎಲ್‌ಸಿ ಸುಮಾರು 1 ಲಕ್ಷ ಅಳಿಸು–ಬರಹ ಚಕ್ರ, ಟಿಎಲ್‌ಸಿ ಸಾವಿರದಿಂದ ಕೆಲವು ಸಾವಿರ. ಬಿಟ್ ಹೆಚ್ಚಿದಷ್ಟೂ ಬೆಲೆ ಇಳಿಕೆ, ಆಯುಸ್ಸೂ ಇಳಿಕೆ.

ಪಹಣಿಯ (ಭೂದಾಖಲೆಯ) ಒಂದು ಸಾಲು ತಿದ್ದಿದಾಗ

• ಫ್ಲ್ಯಾಶ್‌ನಲ್ಲಿ ಓದು, ಬರಹದ ಘಟಕ: ಪುಟ, ಸಾಮಾನ್ಯವಾಗಿ 4–16 ಕೆಬಿ. ಅಳಿಸುವ ಘಟಕ: ನೂರಾರು ಪುಟಗಳ ಬ್ಲಾಕ್.
• ಬರಹದಿಂದ ಸಾಧ್ಯ: 1ರಿಂದ 0. 0ರಿಂದ 1ಕ್ಕೆ ಮರಳಲು: ಇಡೀ ಬ್ಲಾಕ್ ಅಳಿಸುವಿಕೆ. ಎಸ್‌ಎಸ್‌ಡಿಯ ಹಲವು ತಂತ್ರಗಳಿಗೆ ಈ ಮಿತಿಯೇ ಕಾರಣ.
• ಹಾರ್ಡ್ ಡಿಸ್ಕ್‌ನಲ್ಲಿ ತಿದ್ದುಪಡಿ: ಸಾಮಾನ್ಯವಾಗಿ ಅದೇ ಸೆಕ್ಟರ್ ಮೇಲೆ ಮರುಬರಹ.
• ಎಸ್‌ಎಸ್‌ಡಿಯಲ್ಲಿ ತಿದ್ದುಪಡಿ, ಹಂತಗಳು: ಪಟ್ಟಾದಾರರ ಹೆಸರಿದ್ದ ಪುಟದ ಓದು, ಹೊಸ ಹೆಸರಿನೊಂದಿಗೆ ಬೇರೆ ಖಾಲಿ ಪುಟಕ್ಕೆ ಬರಹ, ವಿಳಾಸ ಪಟ್ಟಿಯಲ್ಲಿ ಬದಲಾವಣೆ, ಹಳೆಯ ಪುಟಕ್ಕೆ ‘ಅಮಾನ್ಯ’ ಗುರುತು.
• ಹೆಸರಿನ 15 ಬೈಟ್ ಬದಲಿಸಿದರೂ ಬರಹ ಪೂರ್ಣ ಪುಟದ್ದೇ: ಬರಹ ವರ್ಧನೆ.
• ವಿಳಾಸ ಪಟ್ಟಿ ನೋಡುವ ಭಾಗ: ಫ್ಲ್ಯಾಶ್ ಅನುವಾದ ಪದರ. ಅಮಾನ್ಯ ಪುಟಗಳ ತೆರವು: ಕಸ ಸಂಗ್ರಹ. ಬರಹವನ್ನು ಎಲ್ಲ ಬ್ಲಾಕ್‌ಗಳಿಗೂ ಹಂಚುವುದು: ಸವೆತ ಸಮೀಕರಣ. ಅಳಿಸಿದ ಕಡತದ ಪುಟಗಳನ್ನು ಡ್ರೈವ್‌ಗೆ ತಿಳಿಸುವ ಆದೇಶ: ಟ್ರಿಮ್.
• ಕಡತ ಅಳಿಸಿದ ಕ್ಷಣ: ಹೋಗುವುದು ಸೂಚಿಯ ನಮೂದು ಮಾತ್ರ. ಹಾರ್ಡ್ ಡಿಸ್ಕ್‌ನಿಂದ ಮರುಪಡೆಯುವಿಕೆ ಸಾಧ್ಯ. ಟ್ರಿಮ್ ನಡೆದ ಎಸ್‌ಎಸ್‌ಡಿಯಲ್ಲಿ ಬಹುತೇಕ ಅಸಾಧ್ಯ.

ಶಾಖ, ಕರೆಂಟ್, ಕಾಲ

• ಜೆಡೆಕ್ ಮಾನದಂಡ, ಬರಹ ಆಯುಸ್ಸು ಮುಗಿದ ಎಸ್‌ಎಸ್‌ಡಿ ವಿದ್ಯುತ್ ಇಲ್ಲದೆ ಡೇಟಾ ಉಳಿಸಬೇಕಾದ ಅವಧಿ: ಮನೆಬಳಕೆಗೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ವರ್ಷ, ಉದ್ಯಮ ಬಳಕೆಗೆ 40 ಡಿಗ್ರಿಯಲ್ಲಿ 3 ತಿಂಗಳು.
• ಉಷ್ಣತೆ ಏರಿದಷ್ಟೂ ಸೆರೆ ಎಲೆಕ್ಟ್ರಾನ್‌ಗಳ ಸೋರಿಕೆ ವೇಗ. ನಾರಾಯಣಪೇಟೆ, ಗದ್ವಾಲ, ರಾಯಚೂರು ಭಾಗದ ಬೇಸಿಗೆ 40 ಡಿಗ್ರಿ ದಾಟುವಂಥದ್ದು; ಬೀರುವಿನಲ್ಲಿಟ್ಟ ಪೆನ್‌ಡ್ರೈವ್ ಶಾಶ್ವತ ದಾಖಲೆಗೆ ತಕ್ಕದ್ದಲ್ಲ.
• ದೀರ್ಘಾವಧಿ ಸಂಗ್ರಹಕ್ಕೆ ಇಂದಿಗೂ ಟೇಪ್: ಎಲ್‌ಟಿಒ-1, 2000, 100 ಜಿಬಿ, ಎಲ್‌ಟಿಒ-9, 2021, 18 ಟಿಬಿ.
• ಹಠಾತ್ ವಿದ್ಯುತ್ ಕಡಿತ: ಡ್ರೈವ್‌ನ ತಾತ್ಕಾಲಿಕ ಸ್ಮೃತಿಯಲ್ಲಿದ್ದು ತಟ್ಟೆ ಅಥವಾ ಕೋಶ ತಲುಪದ ಬರಹ ನಷ್ಟ. ಪರಿಹಾರ: ಯುಪಿಎಸ್, ಉದ್ಯಮ ಎಸ್‌ಎಸ್‌ಡಿಗಳಲ್ಲಿ ಕೆಪಾಸಿಟರ್.

ಸಂಪರ್ಕ ಮತ್ತು ರೇಡ್

• ಸಾಟಾ 3: ಸೆಕೆಂಡಿಗೆ 6 ಗಿಗಾಬಿಟ್, ಬಳಕೆಗೆ 600 ಎಂಬಿ. ಎನ್‌ವಿಎಂಇ 1.0: 2011; ಮಾರ್ಗ ಪಿಸಿಐ ಎಕ್ಸ್‌ಪ್ರೆಸ್.
• ಯುಎಸ್‌ಬಿ 1.0: 1996; ಅಜಯ್ ಭಟ್, ಇಂಟೆಲ್. ಯುಎಸ್‌ಬಿ 2.0: 2000, 480 ಮೆಗಾಬಿಟ್. ಯುಎಸ್‌ಬಿ 3.0: 2008, 5 ಗಿಗಾಬಿಟ್.
• ರೇಡ್ (ಹಲವು ಡ್ರೈವ್‌ಗಳನ್ನು ಒಂದಾಗಿ ಬಳಸುವ ಕ್ರಮ): 1988; ಪ್ಯಾಟರ್‌ಸನ್, ಗಿಬ್ಸನ್, ಕಾಟ್ಜ್; ಬರ್ಕ್ಲಿ.
• ರೇಡ್ 0: ಹಂಚಿಕೆ, ರಕ್ಷಣೆ ಶೂನ್ಯ. ರೇಡ್ 1: ಪ್ರತಿಬಿಂಬ. ರೇಡ್ 5: 1 ಡ್ರೈವ್ ಕೆಟ್ಟರೂ ಡೇಟಾ ಭದ್ರ. ರೇಡ್ 6: 2 ಡ್ರೈವ್.
• ಸಮತೆ: 1011 ಎಕ್ಸಾರ್ 0110 = 1101. ಮೂರರಲ್ಲಿ ಯಾವುದು ಕಳೆದರೂ ಉಳಿದೆರಡರಿಂದ ಮರಳಿ ಲಭ್ಯ.
• 4 ಟಿಬಿಯ 4 ಡ್ರೈವ್, ರೇಡ್ 5: ಬಳಕೆಗೆ 12 ಟಿಬಿ.
• ರೇಡ್ ಬ್ಯಾಕಪ್‌ಗೆ ಬದಲಿ ಅಲ್ಲ: ತಪ್ಪಾಗಿ ಅಳಿಸಿದ ಕಡತ ಎಲ್ಲ ಡ್ರೈವ್‌ಗಳಿಂದಲೂ ಅಳಿಕೆ.

ಗಡಿಯ ಎರಡೂ ಕಡೆ: ಭೂದಾಖಲೆ ಡ್ರೈವ್‌ಗೆ; ದೇಶದ ಡೇಟಾ, ಚಿಪ್ ಕೇಂದ್ರಗಳು

• ಕರ್ನಾಟಕ: ‘ಭೂಮಿ’ ಯೋಜನೆ, 2000, ರಾಜೀವ್ ಚಾವ್ಲಾ ನೇತೃತ್ವ, ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು. ಕೈಬರಹದ ಪಹಣಿಗೆ ಬದಲಾಗಿ ಕಂಪ್ಯೂಟರ್ ಪಹಣಿ.
• ತೆಲಂಗಾಣ: ‘ಧರಣಿ’, 2020 ಅಕ್ಟೋಬರ್ 29.
• ತೆಲಂಗಾಣ: ‘ಭೂಭಾರತಿ’, 2025 ಏಪ್ರಿಲ್ 14. ಪ್ರಾಯೋಗಿಕ ಜಾರಿಗೆ ಆಯ್ದ 4 ಮಂಡಲಗಳು: ಮದ್ದೂರು (ನಾರಾಯಣಪೇಟೆ), ಲಿಂಗಂಪೇಟ (ಕಾಮಾರೆಡ್ಡಿ), ನೇಲಕೊಂಡಪಲ್ಲಿ (ಖಮ್ಮಂ), ವೆಂಕಟಾಪುರ (ಮುಲುಗು).
• ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಸ್ಥಾಪನೆ: 1976. ಅದರ ರಾಷ್ಟ್ರೀಯ ಡೇಟಾ ಕೇಂದ್ರಗಳಲ್ಲಿ ಕೆಲವು: ದೆಹಲಿ, ಪುಣೆ, ಹೈದರಾಬಾದ್, ಭುವನೇಶ್ವರ.
• ಮೈಕ್ರಾನ್ ಹೈದರಾಬಾದ್ ಅಭಿವೃದ್ಧಿ ಕೇಂದ್ರ: 2019. ಮೈಕ್ರಾನ್ ಸಾಣಂದ್ ಜೋಡಣೆ–ಪರೀಕ್ಷಾ ಘಟಕಕ್ಕೆ ಶಂಕುಸ್ಥಾಪನೆ, ಗುಜರಾತ್: 2023 ಸೆಪ್ಟೆಂಬರ್.